ಮಾವಿನಹಣ್ಣಿನ ವಾಸನೆಯ ಉಸಿರು

ಮಿರಜಿನ ಒಂದು ಆಸ್ಪತ್ರೆಯಲ್ಲಿ ಉಸಿರು ಅಳೆಯುವುದು ನನ್ನ ಕೆಲಸ. ಎರಡನೇ ಮಹಡಿಯಲ್ಲಿ ಒಂದು ಸಣ್ಣ ಕೋಣೆ, ಒಂದು ಸ್ಟೂಲು, ಒಂದು ಯಂತ್ರ, ಅದಕ್ಕೆ ಸಿಕ್ಕಿಸುವ ರಟ್ಟಿನ ನಳಿಕೆ. ಬಂದವರ ಮೂಗಿಗೆ ಕ್ಲಿಪ್ಪು ಹಾಕುತ್ತೇನೆ. ನಳಿಕೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿಯಲು ಹೇಳುತ್ತೇನೆ. ಎದೆ ತುಂಬ ಗಾಳಿ ಎಳೆದುಕೊಂಡು ಒಮ್ಮೆಲೇ ಊದಬೇಕು, ಊದಿದ್ದು ಪೂರ್ತಿ ಖಾಲಿಯಾಗುವ ತನಕ ನಿಲ್ಲಿಸಬಾರದು. ಬೇಡಗ, ಮ್ಹೈಸಾಳ, ಸಮಡೋಳಿ ಕಡೆಯ ರೈತರು, ಸಾಂಗ್ಲಿಯ ಅಂಗಡಿಕಾರರು, ಗಡಿಯಾಚೆಯಿಂದ ಬಸ್ಸು ಹತ್ತಿ ಬಂದವರು, ಎಲ್ಲರಿಗೂ ಒಂದೇ ಮಾತನ್ನು ಮರಾಠಿಯಲ್ಲೋ ಕನ್ನಡದಲ್ಲೋ ಕೂಗುತ್ತೇನೆ: "ಊದ್ರಿ, ಊದ್ರಿ, ಇನ್ನೂ, ಇನ್ನೂ, ಬಿಡಬ್ಯಾಡ್ರಿ!" ಹದಿನೇಳು ವರ್ಷ ಹೀಗೆ ಕೂಗಿ ನನ್ನ ದನಿ ಸ್ವಲ್ಪ ಒಡೆದಿದೆ.

ಪರೀಕ್ಷೆಗೆ ಮೊದಲು ಒಂದು ಫಾರ್ಮು ತುಂಬಬೇಕು. ವಯಸ್ಸು, ಎತ್ತರ, ತೂಕ, ಉದ್ಯೋಗ. ಆಮೇಲೆ ವ್ಯಸನ ಎಂಬ ಒಂದು ಸಾಲು. ಆ ಸಾಲಿಗೆ ಉತ್ತರ ಸ್ಟೂಲಿನ ಮೇಲೆ ಕೂತವರಿಂದ ಬರುವುದು ಅಪರೂಪ. ಸೊಸೆಯನ್ನು ಕೇಳಿದರೆ ಅತ್ತೆ ಹೇಳುತ್ತಾಳೆ. ಮಗನನ್ನು ಕೇಳಿದರೆ ಅಪ್ಪ ಹೇಳುತ್ತಾನೆ. ಹಿರಿಯರು ಎದುರಿಗಿರುವಾಗ ಕಿರಿಯರು ತಮ್ಮ ಮೈ ಬಗ್ಗೆ ತಾವೇ ಮಾತಾಡಿದರೆ ಅದು ನಮ್ಮ ಕಡೆ ಉದ್ಧಟತನ. ಒಮ್ಮೆ ಒಬ್ಬ ಹೆಂಗಸು ತನ್ನ ಗಂಡನ ಪರವಾಗಿ, "ನಮ್ಮನ್ಯಾರು ಬೀಡಿ ಮುಟ್ಟೂದಿಲ್ರಿ, ಭಾಳ ಸಾಧು ಮನಷ್ಯಾ" ಎಂದು ಬರೆಸುತ್ತಿದ್ದಳು. ಆ ಸಾಧು ಮನುಷ್ಯನ ಕಿವಿಯ ಹಿಂದೆ ಅರ್ಧ ಸೇದಿದ ಬೀಡಿ ಇತ್ತು. ನಾನು ಅದರ ಕಡೆ ಬೆರಳು ತೋರಿಸಿದಾಗ, "ಅದು ಅವರದಲ್ರಿ, ಯಾರರೆ ಇಟ್ಟಿರಬೇಕು" ಎಂದಳು.

ಇಂಥದ್ದನ್ನೆಲ್ಲ ನೋಡಿದ ನಾನು ನನ್ನ ಸ್ವಂತ ತಮ್ಮನ ಫಾರ್ಮಿನಲ್ಲಿ ಆ ಸಾಲನ್ನು ಅವನನ್ನು ಕೇಳದೆ ತುಂಬಿದೆ. ಆದದ್ದನ್ನು ಆದ ಹಾಗೆ ಬರೆದಿಡಬೇಕೆಂದು ಕೂತಿದ್ದೇನೆ.

ನನ್ನ ತವರು ಸಾಂಗ್ಲಿ. ನಮ್ಮದು ಕನ್ನಡ ಮಾತಾಡುವ ಜೈನರ ಮನೆ. ಮೂರು ತಲೆಮಾರಿನಿಂದ ಅರಿಶಿನದ ವ್ಯಾಪಾರ. ಹೊಸ ಅರಿಶಿನ ಪೇಟೆಗೆ ಬರುವ ಹಂಗಾಮಿನಲ್ಲಿ ನಮ್ಮ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಪಾಲಿಶ್ ಡ್ರಮ್ಮು ದಿನವಿಡೀ ತಿರುಗುತ್ತದೆ. ಒಣಗಿದ ಕೊಂಬುಗಳು ಅದರೊಳಗೆ ಉಜ್ಜಿ ಉಜ್ಜಿ ಮೇಲಿನ ಒರಟು ಸಿಪ್ಪೆ ಕಳಚಿ, ಹಳದಿ ಧೂಳು ಶೆಡ್ಡಿನ ತುಂಬ ನಿಲ್ಲುತ್ತದೆ. ಅಲ್ಲಿ ಕೆಲಸ ಮಾಡುವವರ ರೆಪ್ಪೆ ಹಳದಿ, ಕಿವಿ ಹಳದಿ, ಉಗುಳು ಹಳದಿ. ಕೆಮ್ಮದವರು ಯಾರೂ ಇಲ್ಲ. ಹಂಗಾಮು ಮುಗಿದ ಮೇಲೆ ಕೆಮ್ಮೂ ಹೋಗುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ.

ತಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವನು. ಇಪ್ಪತ್ತೇಳು ಆಗ. ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ವ್ಯವಹಾರ ನೋಡಿದರೆ ತಮ್ಮ ಶೆಡ್ಡಿನಲ್ಲಿ ಡ್ರಮ್ಮಿನ ಹತ್ತಿರ ನಿಲ್ಲುತ್ತಿದ್ದ. ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳುತ್ತಿದ್ದರು: "ಈಗಿನ ಹುಡುಗ್ರು ಎ.ಸಿ. ಹುಡಕತಾವ. ನಮ್ಮಂವ ಧೂಳಾಗ ನಿಂದರತಾನ. ಕರದ್ರೂ ಹೊರಗ ಬರೂದಿಲ್ಲ."

ಆ ವರ್ಷ ಹಂಗಾಮು ಶುರುವಾಗುವ ಮೊದಲೇ ಅವನ ಕೆಮ್ಮು ಶುರುವಾಗಿತ್ತು. ಇದನ್ನು ನಾನು ಗಮನಿಸಿದ್ದೆ, ಆದರೆ ಗಮನಿಸಿದ್ದನ್ನು ಎಲ್ಲಿಗೂ ಜೋಡಿಸಲಿಲ್ಲ. ಒಣಕೆಮ್ಮು. ಕಫ ಇಲ್ಲ. ಒಂದು ಭಾನುವಾರ ತವರಿಗೆ ಹೋದಾಗ ಅವನು ಮಾಳಿಗೆಯಿಂದ ಒಂದು ಚೀಲ ಇಳಿಸಿ ತಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಏನಾತೋ?" ಎಂದೆ.

"ಏನಿಲ್ಲಕ್ಕ. ದಮ್ಮು ಹತ್ತೇತಿ."

ಒಳಗಿನಿಂದ ಅಪ್ಪ, "ಲಗ್ನದ ಮಾತು ತಗದೇವಿ ನೋಡು, ಅಂದಿನಿಂದ ದಮ್ಮು ಹತ್ತಾಕತ್ತೇತಿ ಸಾಹೇಬ್ರಿಗೆ" ಎಂದರು. ಅವ್ವ ಬಿಸಿ ಹಾಲಿಗೆ ಅರಿಶಿನ ಹಾಕಿ ತಂದಳು. ತಮ್ಮ ಕುಡಿದ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಅವ್ವ ಅದನ್ನು ಪಿತ್ತ ಎಂದಳು. ಮುಂದಿನ ವಾರ ಜ್ವರ ಬಂತು. ಹೊಟ್ಟೆನೋವು ಎಂದ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡ. ನಾನು ಆಗ ಹಟ ಹಿಡಿದು ಅವನನ್ನು ನಮ್ಮ ಆಸ್ಪತ್ರೆಗೆ ಕರೆತರಿಸಿದೆ.

ಅಂದು ಬುಧವಾರ, ಬೆಳಗಿನ ಹನ್ನೊಂದು ಗಂಟೆ. ತಮ್ಮ ಸ್ಟೂಲಿನ ಮೇಲೆ, ಅಪ್ಪ ಅವನ ಹಿಂದೆ ಕೈ ಕಟ್ಟಿಕೊಂಡು. ಎದೆರೋಗದ ಡಾಕ್ಟರ್ ಮ್ಯಾಡಮ್ ನನ್ನ ಮೇಲಿನ ಪ್ರೀತಿಯಿಂದ ತಾವೇ ಕೋಣೆಗೆ ಬಂದಿದ್ದರು. ನಾನು ಫಾರ್ಮು ತುಂಬುತ್ತಿದ್ದೆ. ಉದ್ಯೋಗದ ಮುಂದೆ "ಅರಿಶಿನ ಪಾಲಿಶ್, ಧೂಳು" ಎಂದು ಬರೆದೆ. ಮ್ಯಾಡಮ್ ಮರಾಠಿಯಲ್ಲಿ ತಮ್ಮನನ್ನು, "ವ್ಯಸನ ಕಾಹೀ?" ಎಂದು, ಚಟ ಏನಾದರೂ ಇದೆಯೇ ಎಂದು ಕೇಳಿದರು.

ಅಪ್ಪ ನಕ್ಕುಬಿಟ್ಟರು. "ಮ್ಯಾಡಮ್, ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ತರೂದಿಲ್ರಿ, ಸಿಗರೇಟ್ ಎಲ್ಲಿಂದ ಬರಬೇಕು! ಇಂವ ಹತ್ತೊಂಬತ್ತನೇ ವರ್ಷಕ್ಕ ಮುನಿ ಮಹಾರಾಜರ ಮುಂದ ನಿಯಮ ತಗೊಂಡಾನ." ಇದನ್ನು ಅವರು ಹೇಳಿದ್ದು ಮರಾಠಿಯಲ್ಲಿ, ಪೇಟೆಯಲ್ಲಿ ಮಾಲಿನ ಗುಣ ಹೇಳುವ ದನಿಯಲ್ಲಿ. ಮ್ಯಾಡಮ್ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಪೆನ್ನು "ಇಲ್ಲ" ಎಂದು ಬರೆದಾಗಿತ್ತು. ಸರಿಯಾಗಿ ನೆನಪಿದೆ: ಅಪ್ಪ ಮಾತು ಮುಗಿಸುವ ಮೊದಲೇ ಬರೆದಾಗಿತ್ತು.

ತಮ್ಮನ ಮುಖ ಆಗ ಹೇಗಿತ್ತು ಎಂದು ಆಮೇಲೆ ಬಹಳ ಸಲ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ನನಗೆ ಗೊತ್ತಿಲ್ಲ. ನಾನು ಫಾರ್ಮು ನೋಡುತ್ತಿದ್ದೆ.

ಪರೀಕ್ಷೆ ಸರಿಯಾಗಿ ಆಗಲಿಲ್ಲ. ಮೂರು ಸಲ ಊದಿಸಿದೆ, ಮೂರು ಸಲವೂ ಅರ್ಧದಲ್ಲಿ ಕೆಮ್ಮು ಬಂತು. ಮೂಗಿನ ಕ್ಲಿಪ್ಪು ತೆಗೆಯಲು ಬಗ್ಗಿದಾಗ ಅವನ ಬಾಯಿಂದ ಮಾವಿನಹಣ್ಣಿನ ವಾಸನೆ ಬಂತು. ಅಪ್ಪಟ ಹಣ್ಣಿನದಲ್ಲ, ಮಾವಿನ ಪರಿಮಳದ ಚಾಕಲೇಟಿನಂಥದ್ದು. ಕೆಮ್ಮಿಗೆಂದು ಏನೋ ಗೋಲಿ ಚೀಪಿದ್ದಾನೆ ಎಂದುಕೊಂಡೆ.

ಮ್ಯಾಡಮ್ ಧೂಳಿನಿಂದ ಶ್ವಾಸನಾಳ ಕೆರಳಿದೆ, ಮೇಲೆ ಸೋಂಕೂ ಇರಬಹುದು ಎಂದು ಔಷಧ ಬರೆದರು. ಎಕ್ಸ್‌ರೇಯಲ್ಲಿ ಸ್ವಲ್ಪ ಮಬ್ಬು ಇತ್ತು. ಶೆಡ್ಡಿಗೆ ಹೋಗಬೇಡ, ಹೆಚ್ಚು ಕಮ್ಮಿ ಅನಿಸಿದರೆ ಕೂಡಲೇ ಬಾ ಎಂದರು. ಅವರ ಕೈಯಲ್ಲಿ ನಾನು ಕೊಟ್ಟ ಫಾರ್ಮು ಇತ್ತು. ಆ ಕಾಗದ ಹೇಳಿದ ಪ್ರಕಾರ ಅವರು ಮಾಡಿದ್ದು ಸರಿ.

ಶುಕ್ರವಾರ ಮಧ್ಯಾಹ್ನ ಅಪ್ಪ ಫೋನು ಮಾಡಿದರು. ತಮ್ಮ ನೀರು ಕುಡಿಯಲು ಎದ್ದವನು ಗೋಡೆ ಹಿಡಿದು ನಿಂತಿದ್ದಾನೆ, ತುಟಿ ಬೂದಿ ಬಣ್ಣಕ್ಕೆ ತಿರುಗಿದೆ. ಸಾಂಗ್ಲಿಯಿಂದ ಮಿರಜಿಗೆ ಆ್ಯಂಬ್ಯುಲೆನ್ಸಿನಲ್ಲಿ ಬರುವ ಹೊತ್ತಿಗೆ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಯಂತ್ರ ಎಂಬತ್ತೆರಡು ತೋರಿಸುತ್ತಿತ್ತು. ಆರೋಗ್ಯವಂತರಿಗೆ ಅದು ತೊಂಬತ್ತೈದರ ಮೇಲಿರಬೇಕು. ಸಿ.ಟಿ. ತೆಗೆದರು. ತೆರೆಯ ಮೇಲೆ ಎರಡೂ ಶ್ವಾಸಕೋಶಗಳು ಉಸಿರು ಬಿಟ್ಟು ಮಬ್ಬು ಮಾಡಿದ ಗಾಜಿನ ಹಾಗಿದ್ದವು. ಇಂಥ ಚಿತ್ರಗಳನ್ನು ನಾನು ಮೊದಲೂ ನೋಡಿದ್ದೇನೆ. ಅಂದು ಮಾತ್ರ ಮೂಲೆಯಲ್ಲಿದ್ದ ರೋಗಿಯ ಹೆಸರನ್ನು ಎರಡು ಸಲ ಓದಿದೆ.

ಮುಂದಿನ ಎರಡು ದಿನ ಎಲ್ಲ ತಪಾಸಣೆಗಳೂ ಒಂದೊಂದಾಗಿ ಬಂದವು. ಕ್ಷಯ ಅಲ್ಲ. ವೈರಸ್ ಅಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಹೃದಯ ಸರಿ ಇತ್ತು. ಮ್ಯಾಡಮ್ ಅಪ್ಪನನ್ನು ಅರಿಶಿನದ ಬಗ್ಗೆಯೇ ಮತ್ತೆ ಮತ್ತೆ ಕೇಳಿದರು: ಹಳೆಯ ಮಾಲಿಗೆ ಬೂಷ್ಟು ಬಂದಿತ್ತೇ, ಗೋದಾಮಿನಲ್ಲಿ ಪಾರಿವಾಳ ಇವೆಯೇ, ಕೀಟನಾಶಕ ಏನು ಹೊಡೆಯುತ್ತೀರಿ. ಅಪ್ಪ ಒಂದೊಂದಕ್ಕೂ ನಿಷ್ಠೆಯಿಂದ ಉತ್ತರ ಕೊಟ್ಟರು. ಗೋದಾಮಿನಿಂದ ಮೂರು ಪುಡಿಕೆ ಕಟ್ಟಿಸಿಕೊಂಡು ಬಂದು ಮೇಜಿನ ಮೇಲಿಟ್ಟರು. ಹೀಗೆ ನಾವೆಲ್ಲ ಸೇರಿ ಎರಡು ದಿನ ಧೂಳಿನ ಹಿಂದೆ ಹೋದೆವು. ಆ ಎರಡು ದಿನಗಳಲ್ಲಿ ತಮ್ಮನ ಆಮ್ಲಜನಕದ ಹರಿವನ್ನು ಮೂರು ಸಲ ಏರಿಸಿದರು. ಇನ್ನೂ ಇಳಿದರೆ ಗಂಟಲಿಗೆ ನಳಿಕೆ ಹಾಕಬೇಕಾದೀತು ಎಂದು ಮ್ಯಾಡಮ್ ಭಾನುವಾರ ಮಧ್ಯಾಹ್ನ ನನಗೊಬ್ಬಳಿಗೇ ಹೇಳಿದರು. "ಏನೋ ಒಂದು ನಮಗೆ ಗೊತ್ತಾಗಿಲ್ಲ" ಎಂದರು.

ಅಪ್ಪ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆಸ್ಪತ್ರೆಯಲ್ಲಿದ್ದರೂ ಆ ನಿಯಮ ಬಿಡಲಿಲ್ಲ. ದಿನಾ ಸಂಜೆ ಐದೂವರೆಗೆ ಎದ್ದು, ಹತ್ತಿರದಲ್ಲೇ ಇರುವ ನನ್ನ ಮನೆಗೆ ಹೋಗಿ ಉಂಡು, ನೀರು ಕುಡಿದು ಆರೂಕಾಲಿಗೆ ಮರಳುತ್ತಿದ್ದರು. ಅವ್ವ ನನ್ನ ಮನೆಯಲ್ಲಿ ಅಡುಗೆಗೆ ನಿಂತಿದ್ದಳು. ಇಡೀ ದಿನದಲ್ಲಿ ತಮ್ಮನ ಮಂಚದ ಹತ್ತಿರ ಹಿರಿಯರು ಯಾರೂ ಇಲ್ಲದೆ ಇರುತ್ತಿದ್ದದ್ದು ಆ ಮುಕ್ಕಾಲು ಗಂಟೆ.

ಆ ಭಾನುವಾರ ನಾನು ಪರದೆ ಎಳೆದು ಅವನ ಪಕ್ಕ ಕೂತೆ. ಸಿಗರೇಟು ಸೇದುತ್ತೀಯಾ ಎಂದು ಕೇಳಲಿಲ್ಲ. ಅದಕ್ಕೆ ಅವನ ಉತ್ತರ ಏನಿರುತ್ತದೆ ಎಂದು ಗೊತ್ತಿತ್ತು.

"ನೀ ಏನು ಎಳೀತಿ?" ಎಂದೆ. "ಏನಿದ್ರೂ ಹೇಳು. ಬಾಯಿಂದ ಒಳಗ ಎಳಕೊಳ್ಳೂದು, ಏನು?"

ಅವನು ಕಣ್ಣು ಮುಚ್ಚಿದ. ಮಾಸ್ಕಿನೊಳಗೆ ಉಸಿರು ಬಡಿಯುತ್ತಿತ್ತು. ಒಂದೊಂದೇ ಶಬ್ದ ಬಂತು.

"ಸಿಗರೇಟ್ ಅಲ್ಲಕ್ಕ. ವೇಪ್."

"ಎಷ್ಟು ದಿನ?"

"ಎರಡು ವರ್ಷ."

"ಕಡೀ ಸಲ ಯಾವಾಗ?"

"ಶುಕ್ರವಾರ. ಮುಂಜಾನೆ."

ಗೋಡೆ ಹಿಡಿದು ನಿಂತ ದಿನದ ಬೆಳಿಗ್ಗೆ. ಉಸಿರು ಸಿಗದವನು ಅದನ್ನು ಎಳೆಯುತ್ತಿದ್ದ. ನಾನು ಸಿಟ್ಟು ಮಾಡಲಿಲ್ಲ. ಸಿಟ್ಟು ಬರುವಷ್ಟು ಜಾಗ ಆಗ ನನ್ನಲ್ಲಿ ಇರಲಿಲ್ಲ.

ತುಂಡು ತುಂಡಾಗಿ ಅವನು ಹೇಳಿದ್ದು ಇಷ್ಟು. ಬ್ಯಾಟರಿಯಿಂದ ನಡೆಯುವ ಆ ಪೆನ್ನಿನಂಥ ಸಾಧನವನ್ನು ಜಿಮ್ಮಿನ ಗೆಳೆಯನೊಬ್ಬ ಮೊದಲು ಕೊಟ್ಟ. ಇದರಲ್ಲಿ ಹೊಗೆ ಇಲ್ಲ, ಬರೀ ನೀರಿನ ಉಗಿ, ಹಣ್ಣಿನ ಪರಿಮಳ ಎಂದ. ಮೊದಲು ಭಾನುವಾರ ಮಾತ್ರ, ಆಮೇಲೆ ದಿನಾ, ಕೊನೆಗೆ ಅರ್ಧ ತಾಸಿಗೊಮ್ಮೆ. ಇದನ್ನು ಮಾರುವುದು ಕಾಯ್ದೆಗೆ ವಿರುದ್ಧ. ಆದರೆ ಫೋನಿನಲ್ಲಿ ಒಂದು ಮೆಸೇಜು ಹಾಕಿದರೆ ಯಾರೋ ಗಾಡಿಯ ಮೇಲೆ ಬಂದು ಕೊಟ್ಟು ಹೋಗುತ್ತಾರೆ. ಮನೆಯಲ್ಲಿ ಎಳೆಯುವಂತಿಲ್ಲ, ಗಾದಿಯ ಮೇಲೆ ಎಳೆಯುವಂತಿಲ್ಲ. ಹಾಗಾಗಿ ಶೆಡ್ಡು. ಡ್ರಮ್ಮು ತಿರುಗುವಾಗ ಧೂಳು ಎಷ್ಟಿರುತ್ತದೆಂದರೆ ಬಾಯಿಂದ ಬಿಟ್ಟ ಬಿಳಿ ಮೋಡ ಅದರಲ್ಲಿ ಕಾಣುವುದೇ ಇಲ್ಲ. ಅಪ್ಪ ಊರಿಗೆಲ್ಲ ಹೊಗಳಿಕೊಂಡು ಬಂದ ದುಡಿಮೆಯ ಅರ್ಧ ಇದಾಗಿತ್ತು.

"ಮತ್ತ ನಿಯಮ?" ಎಂದೆ. ಕೇಳಬಾರದಿತ್ತೇನೋ. ಬಾಯಿಗೆ ಬಂತು.

"ನಿಯಮದಾಗ ಬೀಡಿ, ಸಿಗರೇಟ್, ತಂಬಾಕು, ಗುಟಕಾ, ದಾರೂ. ಇದರ ಹೆಸರ ಇರಲಿಲ್ಲಕ್ಕ." ಇಷ್ಟು ಹೇಳಿ ಅವನು ಮಾಸ್ಕಿನೊಳಗೆ ಬಹಳ ಹೊತ್ತು ಕೆಮ್ಮಿದ. ಅವನು ನಿಜಕ್ಕೂ ಹಾಗೆ ನಂಬಿದ್ದ. ಬಸದಿಯಲ್ಲಿ ಮಹಾರಾಜರು ಒಂದೊಂದೇ ಹೆಸರು ಹೇಳಿ ಬಿಡಿಸಿದ್ದರು, ಇವನು ಒಂದೊಂದನ್ನೂ ಬಿಟ್ಟಿದ್ದ. ಆ ಪಟ್ಟಿಯಲ್ಲಿರುವುದನ್ನು ಈವರೆಗೂ ಮುಟ್ಟಿಲ್ಲ. ಪಟ್ಟಿಯಲ್ಲಿಲ್ಲದ್ದು ಬಂದಾಗ ಅದು ದೋಷವಲ್ಲ ಎಂದು ತಾನೇ ತೀರ್ಮಾನಿಸಿಕೊಂಡ.

"ಅಪ್ಪಾಗ ಹೇಳಬ್ಯಾಡ. ನನ್ನ ಆಣಿ ಐತಿ."

"ಆಣಿ ಗೀಣಿ ಬ್ಯಾಡ" ಎಂದೆ. "ನಾ ಈಗ ಮ್ಯಾಡಮ್ಮರಿಗೆ ಹೇಳತೇನಿ. ಅವರು ಕೇಳಿದ್ದಕ್ಕ ನೀನ ಉತ್ತರ ಕೊಡಬೇಕು. ನಾ ಅಲ್ಲ, ಅಪ್ಪ ಅಲ್ಲ, ನೀನ."

ಅವನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ನಾನು ಬಿಡಿಸಿಕೊಂಡು ಹೋದೆ.

ಮ್ಯಾಡಮ್ ಮನೆಗೆ ಹೊರಟವರು ಲಿಫ್ಟಿನ ಹತ್ತಿರ ಸಿಕ್ಕರು. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ಅವರು ತಿರುಗಿ ನಡೆಯತೊಡಗಿದ್ದರು. ಮಂಚದ ಬಳಿ ಕೂತು ತಮ್ಮನನ್ನೇ ಕೇಳಿದರು. ಎಷ್ಟು ಸಲ, ಯಾವ ಪರಿಮಳ, ದ್ರವ ತಾನೇ ತುಂಬುತ್ತಿದ್ದನೋ ತುಂಬಿದ್ದೇ ಬರುತ್ತಿತ್ತೋ, ಗಾಂಜಾದ ಎಣ್ಣೆ ಏನಾದರೂ ಇತ್ತೋ. ಅವನು ತಲೆಯಾಡಿಸಿ, ಬೆರಳು ತೋರಿಸಿ ಉತ್ತರ ಕೊಟ್ಟ. ಗಾಂಜಾ ಇಲ್ಲ ಎಂದ. ಒಳಗೆ ನಿಜವಾಗಿ ಏನಿತ್ತು ಎಂದು ತನಗೆ ಗೊತ್ತಿಲ್ಲ ಎಂದೂ ಒಪ್ಪಿಕೊಂಡ.

ಆಮೇಲೆ ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. "ಅದು ನೀರಿನ ಉಗಿ ಅಲ್ಲ. ಜಿಡ್ಡಿನಂಥ ದ್ರವವನ್ನು ಸುಡುವ ತಂತಿಯ ಮೇಲೆ ಕಾಯಿಸಿದಾಗ ಏಳುವ ಸಣ್ಣ ಸಣ್ಣ ಹನಿ. ಅದರಲ್ಲಿ ನಿಕೋಟಿನ್ ಇದೆ, ಪರಿಮಳದ ರಾಸಾಯನಿಕ ಇದೆ, ಕೆಲವೊಮ್ಮೆ ತಂತಿಯ ಲೋಹವೂ ಇರುತ್ತದೆ. ಶ್ವಾಸನಾಳದ ಒಳಗೋಡೆಯ ಮೇಲೆ ಕೂದಲಿಗಿಂತ ನವಿರಾದ ಎಳೆಗಳಿವೆ. ಧೂಳನ್ನು, ಕಫವನ್ನು ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಇದು ಅವುಗಳನ್ನು ಮಂಕು ಮಾಡುತ್ತದೆ. ಅದೇ ಸ್ಥಿತಿಯಲ್ಲಿ ನೀನು ಅರಿಶಿನದ ಧೂಳಿನಲ್ಲಿ ನಿಂತೆ. ಇನ್ನೂ ಒಳಗೆ, ಗಾಳಿಯ ಚೀಲಗಳಿರುವಲ್ಲಿ, ಊತ ಬಂದು ನೀರು ತುಂಬಿದೆ. ಅದೇ ಸಿ.ಟಿ.ಯಲ್ಲಿ ಕಂಡ ಮಬ್ಬು."

"ತಿನ್ನೋ ಪದಾರ್ಥದಾಗ ಹಾಕೋ ಪರಿಮಳ ಅಂತ ಬರದಿರ್ತದ ಮ್ಯಾಡಮ್" ಎಂದ ತಮ್ಮ.

"ನಿಮ್ಮ ಅವ್ವ ದಿನಾ ಸಾರಿಗೆ ಎಣ್ಣೆ ಹಾಕುತ್ತಾರೆ. ಆ ಎಣ್ಣೆಯನ್ನು ಮೂಗಿನಿಂದ ಎದೆಗೆ ಎಳೆದುಕೊಳ್ಳುತ್ತೀಯಾ? ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ."

ಇದರಿಂದಲೇ ಹೀಗಾಯಿತು ಎಂದು ತೋರಿಸುವ ಒಂದು ಪರೀಕ್ಷೆ ಇಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿಯುವುದು ಇದು, ಚಿತ್ರವೂ ಹಾಗೇ ಇದೆ, ಕಾಯುವಂತಿಲ್ಲ ಎಂದರು. ಐದೂ ಐವತ್ತಕ್ಕೆ ಸ್ಟಿರಾಯ್ಡಿನ ಮೊದಲ ಇಂಜೆಕ್ಷನ್ ಹೋಯಿತು.

ಆರೂಕಾಲಿಗೆ ಅಪ್ಪ ಬಂದರು. ಬಾಯಿ ಮುಕ್ಕಳಿಸಿದ ನೀರು ಇನ್ನೂ ಮೀಸೆಯ ಮೇಲಿತ್ತು. ಅವರನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಅವರು ಮೊದಲು, "ಅದು ಏನು?" ಎಂದರು. ವಿವರಿಸಿದೆ. "ಪೆನ್ನಿನಂಗ?" ಎಂದರು. ಹೌದೆಂದೆ.

"ಮ್ಯಾಡಮ್ಮರಿಗೆ ಹೇಳಿದಿ ಹೌದಲ್ಲ, ಔಷಧ ಚಾಲೂ ಆತು ಹೌದಲ್ಲ" ಎಂದರು. "ಸಾಕು. ಕಾಗದದ ಮ್ಯಾಲ ಯಾಕ? ಅಲ್ಲಿ ಧೂಳು ಅಂತ ಐತಿ, ಇರಲಿ."

"ಇರಾಕ ಬರೂದಿಲ್ಲಪ್ಪಾ."

"ನೀನ ಬರದದ್ದು ಅದು."

"ಅದಕ್ಕ."

"ನಾಳೆ ಹೆಣ್ಣಿನ ಕಡ್ಯಾವ್ರು ಕೇಳತಾರ. ಈ ಊರಾಗ ಯಾರ ಫೈಲು ಯಾರ ಮನಿಗೆ ಹೋಗತೈತಿ ನಿನಗ ಗೊತ್ತೈತಿ. ಬಸದ್ಯಾಗ ನಾ ಹೆಂಗ ನಿಂದರಲಿ? ನಿನ್ನ ತಮ್ಮಂದು ಅಷ್ಟರೆ ವಿಚಾರ ಮಾಡು."

"ಅವಂದ ವಿಚಾರ ಮಾಡೇನಿ. ಈಗ ಪಾಳಿ ಬದಲಾಗತೈತಿ. ಮುಂದಿನ ಡಾಕ್ಟರ್ ಅವನ ಮಾರಿ ನೋಡಿ ಔಷಧ ಕೊಡೂದಿಲ್ಲ, ಕಾಗದ ನೋಡಿ ಕೊಡತಾರ. ಧೂಳು, ಸೋಂಕು ಅಂತ ಓದಿ ನಾಳೆ ಈ ಇಂಜೆಕ್ಷನ್ ನಿಲ್ಲಿಸಿದ್ರ? ಮತ್ತ ಎರಡು ದಿನ ಅರಿಷಿಣದ ಪುಡಿಕಿ ಕಟಗೊಂಡು ತಿರಗೋಣೇನು?"

ಅಪ್ಪನ ಜೊತೆ ನಾನು ಹೀಗೆ ಮಾತಾಡಿದ್ದು ಅದೇ ಮೊದಲು. ನಾನು ಎದ್ದು ನರ್ಸಿನ ಮೇಜಿಗೆ ಹೋಗಿ ಫೈಲು ಇಸಿದುಕೊಂಡೆ. ಆಸ್ಪತ್ರೆಯ ಕಾಗದದಲ್ಲಿ ತಪ್ಪನ್ನು ಗೀಚಿ ಅಳಿಸುವಂತಿಲ್ಲ. ಬಿಳಿ ಬಣ್ಣ ಬಳಿಯುವಂತಿಲ್ಲ. ಮೊದಲಿನದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು, ವೇಳೆ ಹಾಕಬೇಕು. "ಇಲ್ಲ" ಎಂಬುದರ ಮೇಲೆ ಒಂದು ಗೆರೆ ಎಳೆದೆ. ಎರಡು ವರ್ಷದಿಂದ ವೇಪ್, ದಿನಕ್ಕೆ ಹಲವು ಸಲ, ಕೊನೆಯದು ಶುಕ್ರವಾರ ಬೆಳಿಗ್ಗೆ, ರೋಗಿಯೇ ಹೇಳಿದ್ದು. ಅದರ ಕೆಳಗೆ, ಮೊದಲಿನ ಉತ್ತರವನ್ನು ರೋಗಿಯನ್ನು ಕೇಳದೆ ಬರೆಯಲಾಗಿತ್ತು ಎಂದೂ ಸೇರಿಸಿದೆ. ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಸಹಿ ಬ್ಯಾಂಕಿನವರು ಒಪ್ಪದ ಹಾಗೆ ಬಂತು. ಮತ್ತೊಮ್ಮೆ ಹಾಕಲಿಲ್ಲ.

ತಿರುಗಿ ನೋಡಿದರೆ ಬೆಂಚಿನ ಮೇಲೆ ಅಪ್ಪ ಇರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾಡಮ್ ರೌಂಡಿಗೆ ಬಂದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮಡಚಿದ ಕರವಸ್ತ್ರ. ಸಾಂಗ್ಲಿಗೆ ಹೋಗಿ ತಮ್ಮನ ಸ್ಕೂಟರಿನ ಡಿಕ್ಕಿ ತೆಗೆಸಿ, ಪಾನಾ, ಸ್ಕ್ರೂಡ್ರೈವರ್ ಇಡುವ ಚೀಲದ ಕೆಳಗಿನಿಂದ ಹುಡುಕಿ ತಂದಿದ್ದರು. ಕರವಸ್ತ್ರ ಬಿಡಿಸಿ ಮುಂದೆ ಹಿಡಿದರು. ಬೆರಳುದ್ದ, ಹಳದಿ-ಕಿತ್ತಳೆ ಬಣ್ಣ, ಮಕ್ಕಳ ಆಟಿಕೆಯ ಹಾಗೆ. "ಇದನ ಏನ್ರಿ?" ಎಂದರು. ಮ್ಯಾಡಮ್ ಕೈಗವಸು ಹಾಕಿಕೊಂಡು ತೆಗೆದುಕೊಂಡರು. ಅಪ್ಪ ಖಾಲಿ ಕರವಸ್ತ್ರವನ್ನು ಮೂಗಿಗೆ ಹಿಡಿದು ನೋಡಿದರು. ಹಳದಿ ಕೊಂಬನ್ನು ಮುರಿದು ಮೂಸಿಯೇ ಮಾಲಿನ ಊರು ಹೇಳಬಲ್ಲ ಮೂಗು ಅದು.

"ಮಾವಿನಹಣ್ಣು" ಎಂದರು. "ಹುಸಿ ಮಾಲು."

ನನ್ನ ಜೊತೆ ಅವರು ಆರು ದಿನ ಮಾತಾಡಲಿಲ್ಲ.

ಮಂಗಳವಾರ ಮಧ್ಯಾಹ್ನದಿಂದ ಆಮ್ಲಜನಕದ ಹರಿವನ್ನು ಇಳಿಸತೊಡಗಿದರು. ನಳಿಕೆ ಹಾಕುವ ಮಾತು ಮತ್ತೆ ಬರಲಿಲ್ಲ. ಹನ್ನೆರಡನೆಯ ದಿನ ತಮ್ಮ ಮನೆಗೆ ಹೋದ. ಅವನನ್ನು ಉಳಿಸಿದ್ದು ನನ್ನ ಗೆರೆ ಎಂದು ನಾನು ಹೇಳಲಾರೆ. ಔಷಧ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೆ ಬುಧವಾರ ಆ ಕೋಣೆಯಲ್ಲಿ ಅವನೊಬ್ಬನೇ ಇದ್ದು, ನಾನು ಕೇಳಿ, ಅವನು ಹೇಳಿದ್ದರೆ, ಅವನು ಬಹುಶಃ ಶುಕ್ರವಾರ ಬೆಳಿಗ್ಗೆ ಅದನ್ನು ಎಳೆಯುತ್ತಿರಲಿಲ್ಲ. ಇಷ್ಟನ್ನು ಹೇಳಬಲ್ಲೆ.

ಎದೆಯ ಕೆಲಸ ಡಾಕ್ಟರು ಮಾಡಿದರು. ಬಿಡುವ ಕೆಲಸ ಅವನೇ ಮಾಡಬೇಕಿತ್ತು, ಅದು ಹನ್ನೆರಡು ದಿನದಲ್ಲಿ ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಸಿಡುಕು, ನಿದ್ದೆಯಿಲ್ಲ, ಯಾರು ಮಾತಾಡಿಸಿದರೂ ಜಗಳ. ಅವ್ವನ ಮೇಲೆ ತಟ್ಟೆ ನೂಕಿದ. ಆಸ್ಪತ್ರೆಯ ಸಲಹೆಗಾರರ ಬಳಿಗೆ ವಾರಕ್ಕೊಮ್ಮೆ ನಾನೇ ಕರೆದೊಯ್ದೆ. ಒಂದು ದಿನ ಅವನ ಫೋನಿಗೆ, "ಹೊಸ ಫ್ಲೇವರ್ ಬಂದೇತಿ" ಎಂದು ಮೆಸೇಜು ಬಂತು. ಅದನ್ನು ಅವನೇ ನನಗೆ ತೋರಿಸಿ, ನನ್ನೆದುರಿಗೇ ಅಳಿಸಿ, ಆ ನಂಬರನ್ನು ಬಂದ್ ಮಾಡಿದ. ಆಮೇಲೆ ಇಡೀ ಮಧ್ಯಾಹ್ನ ಉಗುರು ಕಡಿಯುತ್ತ ಕೂತ.

ಆಸ್ಪತ್ರೆಯಲ್ಲಿ ನಾನು ಒಂದು ಪದ್ಧತಿ ಹಾಕಿಕೊಂಡಿದ್ದೇನೆ. ಮ್ಯಾಡಮ್ಮರ ಒಪ್ಪಿಗೆ ಇದೆ. ಫಾರ್ಮು ತುಂಬುವಾಗ ಜೊತೆಗೆ ಬಂದವರು ಹೊರಗೆ. ಕೆಲವರು ಜಗಳ ತೆಗೆಯುತ್ತಾರೆ. "ನನ್ನ ಮಗಳ ಮಾತು ನನ್ನ ಬಿಟ್ಟು ನಿನಗ ಹೇಳತಾಳೇನು?" ಎಂದು ಒಬ್ಬ ತಾಯಿ ಬಾಗಿಲು ಬಡಿದಳು. "ಹೇಳದಿದ್ರ ಇಲ್ರಿ ಮಾವಶಿ, ಎರಡ ನಿಮಿಷ ಕುಂದ್ರಿ" ಎಂದೆ. ಒಳಗೆ ಬರೀ ಸಿಗರೇಟಿನ ಹೆಸರು ಹೇಳಿ ಕೇಳುವುದಿಲ್ಲ. ಬಾಯಿಂದ, ಮೂಗಿನಿಂದ ಏನೇನು ಎಳೆಯುತ್ತೀರಿ, ಎಲ್ಲ ಹೇಳಿ ಎನ್ನುತ್ತೇನೆ. ಕಾಲೇಜಿನ ಹುಡುಗಿಯರೂ ಹೇಳಿದ್ದಾರೆ. ಹೇಳಿದ್ದನ್ನು ಅವರ ಮನೆಯವರಿಗೆ ನಾನು ಹೇಳುವುದಿಲ್ಲ. ಮ್ಯಾಡಮ್ಮರಿಗೆ ಮಾತ್ರ ಹೇಳುತ್ತೇನೆ, ಅದನ್ನು ಮೊದಲೇ ತಿಳಿಸಿರುತ್ತೇನೆ.

ಆರು ತಿಂಗಳ ಮೇಲೆ ತಮ್ಮನನ್ನು ಮತ್ತೆ ಪರೀಕ್ಷಿಸಿದರು. ಊದುವ ಬಲ ಹೆಚ್ಚುಕಡಿಮೆ ಮರಳಿದೆ. ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟುವ ಅಳತೆ ಮಾತ್ರ ಅವನ ವಯಸ್ಸಿಗೆ ಇರಬೇಕಾದಷ್ಟು ಇಲ್ಲ. ಇದು ಇನ್ನೂ ತುಂಬಿಕೊಳ್ಳುತ್ತದೆಯೇ ಎಂದು ಅಪ್ಪ ಕೇಳಿದರು. ತುಂಬಬಹುದು, ತುಂಬದೆಯೂ ಇರಬಹುದು, ನನಗೆ ಗೊತ್ತಿಲ್ಲ ಎಂದರು ಮ್ಯಾಡಮ್. ಶೆಡ್ಡಿನ ಕೆಲಸ ಅವನಿಗೆ ಇನ್ನು ಬೇಡ ಎಂದರು. ಧೂಳನ್ನು ತಡೆದುಕೊಳ್ಳುವ ಎದೆ ಅದಲ್ಲ.

ಈಗ ಅಪ್ಪ ಡ್ರಮ್ಮಿಗೆ ಧೂಳು ಹೀರುವ ಯಂತ್ರ ಹಾಕಿಸಿದ್ದಾರೆ. ತಮ್ಮ ಗಾದಿಯ ಮೇಲೆ ಕೂರುತ್ತಾನೆ. ಹೆಣ್ಣಿನ ಕಡೆಯವರು ಒಂದೆರಡು ಸಲ ಬಂದು ಹೋಗಿದ್ದಾರೆ. ಕೇಳಿದವರಿಗೆ ಅವನೇ ಇದ್ದದ್ದನ್ನು ಹೇಳಿದ್ದಾನೆ, ಅಪ್ಪ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾರೆ. ಅವರು ಮತ್ತೆ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ, ತಮ್ಮ, ನಾನು ಮೂವರೂ ಕೃಷ್ಣೆಯ ಘಾಟಿಗೆ ಹೋಗುತ್ತೇವೆ. ನೀರಿನ ಅಂಚಿನಿಂದ ರಸ್ತೆಯ ತನಕ ಮೆಟ್ಟಿಲುಗಳಿವೆ. ತಮ್ಮ ಅವನ್ನು ನಿಲ್ಲದೆ ಹತ್ತಬೇಕೆಂದು ಹಟ ಹಿಡಿದಿದ್ದಾನೆ. ಮೊದಲ ತಿಂಗಳು ಹನ್ನೊಂದನೆಯದಕ್ಕೆ ನಿಲ್ಲುತ್ತಿದ್ದ. ಕಳೆದ ಭಾನುವಾರ ಇಪ್ಪತ್ತಾರನೆಯದಕ್ಕೆ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬಗ್ಗಿದ. ನಾನು ಹತ್ತಿರ ಹೋಗಲಿಲ್ಲ. ಬೆರಳಿಗೆ ಹಾಕುವ ಯಂತ್ರ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ.

ಕೆಳಗಿನಿಂದ ಅಪ್ಪ, "ಏನಪಾ ಪೈಲವಾನ, ನಾ ಎಪ್ಪತ್ತು ವರ್ಷದಾಂವ ದಾಟಿ ಹೋಗಲೇನು?" ಎಂದು ಕೂಗಿದರು.

"ಬರ್ರಿ ನೋಡೋಣು" ಎಂದ ತಮ್ಮ. ಒಂದೇ ಉಸಿರಿನಲ್ಲಿ ಹೇಳಿದ. ಆಮೇಲೆ ಸೊಂಟದಿಂದ ಕೈ ತೆಗೆದು ಇಪ್ಪತ್ತೇಳನೆಯ ಮೆಟ್ಟಿಲಿಗೆ ಕಾಲಿಟ್ಟ.